ಟೇಪು ಕತ್ತರಿಸಿದ ಮರುದಿನದ ದುಡ್ಡು ಎಲ್ಲಿ? ಜಿಲ್ಲೆಗಳ ವಿಮಾನ ನಿಲ್ದಾಣಗಳ ಅನುದಾನದ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮೂಲಸೌಕರ್ಯ ಅಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ
ಪ್ರತಿ: ಆರ್ಥಿಕ ಇಲಾಖೆಗೆ, ಹಾಗೂ ವಿಮಾನ ನಿಲ್ದಾಣ ಇರುವ ಮತ್ತು ಬೇಕೆಂದು ಕೇಳುತ್ತಿರುವ ಜಿಲ್ಲೆಗಳ ಜನಪ್ರತಿನಿಧಿಗಳಿಗೆ

ಮಾನ್ಯರೇ,

ನಮ್ಮ ರಾಜ್ಯದಲ್ಲಿ ವಿಮಾನ ನಿಲ್ದಾಣ ಕಟ್ಟಲು ದುಡ್ಡು ಹೇಗೋ ಹುಟ್ಟುತ್ತದೆ, ನಡೆಸಲು ಹುಟ್ಟುವುದಿಲ್ಲ. ಜಮೀನು, ರನ್‌ವೇ, ಟರ್ಮಿನಲ್‌ಗೆ ಬಜೆಟ್‌ನಲ್ಲಿ ಸಾಲು ಇದೆ. ಉದ್ಘಾಟನೆಯ ಮರುದಿನದಿಂದ ಬೇಕಾಗುವ ಅಗ್ನಿಶಾಮಕ ಸಿಬ್ಬಂದಿ, ಜನರೇಟರ್ ಡೀಸೆಲ್, ರನ್‌ವೇ ದೀಪಗಳ ಕೇಬಲ್, ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಹಾಕಬೇಕಾದ ಡಾಂಬರು, ನೆರವಿನ ಅವಧಿ ಮುಗಿದ ಮೇಲೂ ವಿಮಾನ ಬರುವಂತೆ ನೋಡಿಕೊಳ್ಳುವ ಖರ್ಚು, ಇವಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು. ಈ ಪತ್ರದ ಬೇಡಿಕೆ ಇಷ್ಟೇ. ಯಾಕೆ, ಎಷ್ಟು, ಹೇಗೆ ಎಂಬುದನ್ನು ಲೆಕ್ಕ ಸಮೇತ ಬರೆದಿದ್ದೇವೆ.

ಮೊದಲು ಉಡಾನ್, ಅಂದರೆ ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಒದಗಿಸುವ ಕೇಂದ್ರದ ಯೋಜನೆಯ ವಿಷಯ. 2016ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿ, 2017ರ ಏಪ್ರಿಲ್ 27ರಂದು ಶಿಮ್ಲಾ-ದೆಹಲಿ ಹಾರಾಟದಿಂದ ಶುರುವಾದ ಈ ಯೋಜನೆಯ ಹಣದ ದಾರಿ ಹಲವು ಜನಪ್ರತಿನಿಧಿಗಳಿಗೇ ಸರಿಯಾಗಿ ತಿಳಿದಿಲ್ಲ. ದೊಡ್ಡ ನಗರಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾರಾಟಕ್ಕಿಷ್ಟು ಎಂದು ಸುಂಕ ವಸೂಲಾಗಿ ಪ್ರಾದೇಶಿಕ ಸಂಪರ್ಕ ನಿಧಿಗೆ ಸೇರುತ್ತದೆ. ಒಂದು ಮಾರ್ಗದಲ್ಲಿ ಅರ್ಧದಷ್ಟು ಸೀಟುಗಳನ್ನು ನಿಗದಿತ ಮಿತಿಯ ದರಕ್ಕೆ (ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ) ಮಾರಲು ಒಪ್ಪುವ ಕಂಪನಿ, ತನಗಾಗುವ ಕೊರತೆಗೆ ಸೀಟಿಗಿಷ್ಟು ಬೇಕೆಂದು ಬಿಡ್ ಹಾಕುತ್ತದೆ. ಕಡಿಮೆ ಕೇಳಿದವರಿಗೆ ಮಾರ್ಗ ಸಿಗುತ್ತದೆ. ಆ ಕೊರತೆ ತುಂಬುವ ಹಣವೇ ವಿಜಿಎಫ್. ಅದರಲ್ಲಿ ಶೇ 80 ಕೇಂದ್ರದ ನಿಧಿಯಿಂದ, ಶೇ 20 ರಾಜ್ಯದಿಂದ. ಅವಧಿ ಮೂರು ವರ್ಷ. ಅಷ್ಟು ದಿನ ಆ ಮಾರ್ಗ ಆ ಕಂಪನಿಗೇ ಮೀಸಲು. ಇದರ ಜೊತೆಗೆ ರಾಜ್ಯ ತನ್ನ ಪಾಲಿಗೆ ಉಚಿತ ಜಮೀನು, ಉಚಿತ ಭದ್ರತೆ ಮತ್ತು ಅಗ್ನಿಶಾಮಕ ಸೇವೆ, ರಿಯಾಯಿತಿಯಲ್ಲಿ ನೀರು-ವಿದ್ಯುತ್, ವಿಮಾನ ಇಂಧನಕ್ಕೆ ಶೇ 1 ಮೀರದ ವ್ಯಾಟ್ ಕೊಡಬೇಕು.

ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ನಿಂತಿತೇ? 2023ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯನ್ನು ತೆರೆದು ನೋಡಿ. ಬಿಡ್‌ಗಳ ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403ರಲ್ಲಿ ಹಾರಾಟ ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವು ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದವು 54. ಬಿತ್ತಿದ್ದು ನೂರು ಬೀಜವಾದರೆ ಬೆಳೆ ಕೈಗೆ ಬಂದದ್ದು ಏಳು.

ನಮ್ಮ ರಾಜ್ಯದಲ್ಲೂ ಕಂಡದ್ದು ಇದನ್ನೇ. ಉಡಾನ್ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಸಾಲು ಸಾಲು ಮಾರ್ಗ ಬಂದವು, ಸಾಂಬ್ರಾ ನಿಲ್ದಾಣ ಗಿಜಿಗುಟ್ಟಿತು, ಅವಧಿ ಮುಗಿಯುತ್ತಲೇ ಹಲವು ಕಳಚಿಕೊಂಡವು. ಬೀದರ್‌ನಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾದ ಹಾರಾಟ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಹೀಗೆ ಬಿಟ್ಟು ಬಿಟ್ಟು ಹಾರುವ ಮಾರ್ಗವನ್ನು ಪ್ರಯಾಣಿಕ ನಂಬುವುದಿಲ್ಲ. ಬೀದರ್‌ನವರು ಕಾರು ಹತ್ತಿ ಹೈದರಾಬಾದ್‌ಗೆ ಹೋಗುತ್ತಾರೆ. ಒಮ್ಮೆ ಆ ಅಭ್ಯಾಸ ಬಿದ್ದರೆ ಬಿಡಿಸುವುದು ಕಷ್ಟ.

ಮೂರನೇ ವರ್ಷದ ಕೊನೆಯ ದಿನ ಪೂರ್ತಿ ನೆರವು, ಮರುದಿನ ಸೊನ್ನೆ. ಮಾರ್ಗ ಸಾಯುವುದು ಇಲ್ಲಿ. ಇದನ್ನು ತಪ್ಪಿಸಲು ಎಷ್ಟು ಬೇಕು? ಒಂದು ಲೆಕ್ಕ ಹಾಕೋಣ. ಎಪ್ಪತ್ತು ಸೀಟಿನ ಎಟಿಆರ್ (ಸಣ್ಣ ಮಾರ್ಗಗಳಲ್ಲಿ ಹಾರುವ ಪ್ರೊಪೆಲರ್ ವಿಮಾನ), ಅದರಲ್ಲಿ 35 ಉಡಾನ್ ಸೀಟು. ಸೀಟಿಗೆ 3,000 ರೂಪಾಯಿ ವಿಜಿಎಫ್ ಎಂದು ಇಟ್ಟುಕೊಳ್ಳಿ (ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ಅಂಕಿ, ಮಾರ್ಗದ ದೂರದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ). ಒಂದು ಬದಿಗೆ 1,05,000, ಹೋಗಿ ಬರಲು 2,10,000. ದಿನವೂ ಹಾರಿದರೆ ವರ್ಷಕ್ಕೆ 7.67 ಕೋಟಿ. ಉಡಾನ್ ಅವಧಿಯಲ್ಲಿ ಇದರಲ್ಲಿ ರಾಜ್ಯದ ಪಾಲು 1.53 ಕೋಟಿ ಮಾತ್ರ. ಅವಧಿ ಮುಗಿದ ಮೇಲೆ ರಾಜ್ಯವೇ ನಾಲ್ಕನೇ ವರ್ಷ ಶೇ 75, ಐದನೇ ವರ್ಷ ಶೇ 50, ಆರನೇ ವರ್ಷ ಶೇ 25ರಷ್ಟು ನೆರವು ಕೊಟ್ಟು ಇಳಿಸುತ್ತ ಬಂದರೆ ಮೂರು ವರ್ಷಕ್ಕೆ ಒಟ್ಟು 11.5 ಕೋಟಿ. ಶಿವಮೊಗ್ಗದ ಸೋಗಾನೆಯಲ್ಲಿ ನಿಲ್ದಾಣ ಕಟ್ಟಲು ತಗುಲಿದ್ದು ಸುಮಾರು 450 ಕೋಟಿ. ಅದರ ಶೇ 3 ಕೂಡ ಆಗದ ಮೊತ್ತದಲ್ಲಿ ಒಂದು ಮಾರ್ಗವನ್ನು ಇನ್ನೂ ಮೂರು ವರ್ಷ ಉಳಿಸಿಕೊಳ್ಳಬಹುದು. ಬೀದರ್‌ಗೆ ರಾಜ್ಯ ಸರ್ಕಾರ ತಾನೇ ನೆರವು ಕೊಡಲು ಮುಂದಾದದ್ದು ಸರಿಯಾದ ಹೆಜ್ಜೆ. ಆದರೆ ಹಾರಾಟ ನಿಂತು, ಮನವಿ ಬಂದು, ಸಚಿವ ಸಂಪುಟದ ಮುಂದೆ ಹೋಗಿ, ಆಮೇಲೆ ಕೊಡುವುದಕ್ಕಿಂತ ನಿಯಮದಲ್ಲೇ ಬರೆದಿಡುವುದು ಅಗ್ಗ. ಮುಂದಿನ ವರ್ಷ ಏನು ಸಿಗುತ್ತದೆ ಎಂದು ಗೊತ್ತಿಲ್ಲದ ಕಂಪನಿ ಆ ಅನಿಶ್ಚಿತತೆಯನ್ನೂ ಬಿಡ್‌ನಲ್ಲಿ ಸೇರಿಸಿಯೇ ಕೇಳುತ್ತದೆ.

ನೆರವಿಗೆ ಷರತ್ತು ಇರಲೇಬೇಕು. ಹಾರಿದ ಪ್ರತಿ ಹಾರಾಟಕ್ಕೆ ಮಾತ್ರ ಹಣ, ರದ್ದಾದದ್ದಕ್ಕೆ ಇಲ್ಲ. ಅಮೆರಿಕದಲ್ಲಿ 1978ರಿಂದ ನಡೆದಿರುವ ಸಣ್ಣ ಊರುಗಳ ವಿಮಾನ ಸೇವೆಯ ನೆರವು ಹೀಗೇ ಹಾರಾಟ ಪೂರೈಸಿದ ಲೆಕ್ಕದ ಮೇಲೆ ಸಂದಾಯವಾಗುತ್ತದೆ. ಅಲ್ಲಿ ಇನ್ನೊಂದು ಕಟ್ಟುಪಾಡೂ ಇದೆ: ದೊಡ್ಡ ಅಥವಾ ಮಧ್ಯಮ ವಿಮಾನ ಕೇಂದ್ರಕ್ಕೆ ಹತ್ತಿರದ ಊರಿಗೆ ಪ್ರಯಾಣಿಕನೊಬ್ಬನಿಗೆ ನಿಗದಿತ ಮಿತಿ ಮೀರಿ ಕೊಡುವಂತಿಲ್ಲ. ಹತ್ತಿರದ ಊರಿಗೆ ರಸ್ತೆ ಇದೆ, ರೈಲಿದೆ ಎಂಬ ಸರಳ ತರ್ಕ.

ಆ ತರ್ಕ ನಮಗೂ ಬೇಕು. ಪ್ರತಿ ಜಿಲ್ಲೆಯವರೂ ಮೊದಲು ಕೇಳುವುದು ಬೆಂಗಳೂರಿನ ವಿಮಾನ. ಆದರೆ ವಂದೇ ಭಾರತ್ ರೈಲು 2023ರಲ್ಲಿ ಧಾರವಾಡಕ್ಕೆ, 2024ರಲ್ಲಿ ಕಲಬುರಗಿಗೆ, 2025ರಲ್ಲಿ ಬೆಳಗಾವಿಗೆ ಬಂದಾಗಿದೆ. ಶಿವಮೊಗ್ಗದಿಂದ ಜನಶತಾಬ್ದಿ ಮೊದಲೇ ಇತ್ತು. ಮನೆಯಿಂದ ನಿಲ್ದಾಣ, ಅಲ್ಲಿ ಒಂದು ಗಂಟೆ ಮುಂಚೆ ಹಾಜರಿ, ಹಾರಾಟ, ದೇವನಹಳ್ಳಿಯಿಂದ ನಗರದೊಳಕ್ಕೆ ಟ್ಯಾಕ್ಸಿ ಎಂದು ಕೂಡಿಸಿದರೆ ಶಿವಮೊಗ್ಗದವರಿಗೆ ಉಳಿಯುವ ಸಮಯ ಅಷ್ಟಕ್ಕಷ್ಟೆ. ಸಾರ್ವಜನಿಕ ಹಣ ಹಾಕುವುದಾದರೆ ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿಯಂಥ ಮಾರ್ಗಗಳಿಗೆ ಮೊದಲು ಹಾಕಿ. ಬೆಂಗಳೂರಿನ ವಿಮಾನಕ್ಕೆ ಹಾಕುವುದಾದರೆ ಮುಂದಿನ ವಿಮಾನಕ್ಕೆ ಒಂದೇ ಟಿಕೆಟ್‌ನಲ್ಲಿ ಜೋಡಣೆ ಸಿಗುವಂತಿರಲಿ, ಲಗೇಜು ಕೊನೆಯ ಊರಿಗೇ ಹೋಗುವಂತಿರಲಿ. ಇನ್ನು ಕಲಬುರಗಿ, ಬೀದರ್‌ನಷ್ಟು ದೂರದ ಊರುಗಳಿಗೆ ಬೆಂಗಳೂರಿನ ವಿಮಾನ ಖಂಡಿತ ಬೇಕು, ಆದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವಂತಿರಬೇಕು. ವಾರಕ್ಕೆ ಮೂರು ದಿನ, ಅದೂ ನಡುಮಧ್ಯಾಹ್ನ ಬರುವ ವಿಮಾನ ವ್ಯಾಪಾರಿಗೂ ಆಗದು, ರೋಗಿಗೂ ಆಗದು. ಅದು ಖಾಲಿ ಹಾರಿದಾಗ 'ಇಲ್ಲಿ ಬೇಡಿಕೆಯೇ ಇಲ್ಲ' ಎಂದು ವರದಿ ಬರೆಯುವುದು ಅನ್ಯಾಯ. ಟೆಂಡರ್‌ನಲ್ಲಿ ವಾರಕ್ಕೆಷ್ಟು ಹಾರಾಟ ಎಂಬುದರ ಜೊತೆಗೆ ಹೊರಡುವ ಹೊತ್ತನ್ನೂ ನಮೂದಿಸಿ.

ಇನ್ನು ನಿಲ್ದಾಣದ ಒಳಗಿನ ಖರ್ಚು. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಏಕೆಂದರೆ ಆರ್ಥಿಕ ಇಲಾಖೆಯ ಕಡತಗಳಲ್ಲಿ ಇದು 'ಇತರೆ ವೆಚ್ಚ' ಎಂಬ ಒಂದೇ ಸಾಲಾಗಿ ಮುಗಿದುಹೋಗುತ್ತದೆ.

ದಿನಕ್ಕೆ ಒಂದು ಎಟಿಆರ್ ಬಂದು ಹೋಗುವ ನಿಲ್ದಾಣದ ಆದಾಯ ನೋಡಿ. ಮುಕ್ಕಾಲು ಭಾಗ ತುಂಬಿದರೆ ವರ್ಷಕ್ಕೆ ಹೊರಡುವ ಪ್ರಯಾಣಿಕರು ಸುಮಾರು 19,000. ತಲೆಗೆ 300 ರೂಪಾಯಿ ಬಳಕೆ ಶುಲ್ಕ ಹಿಡಿದರೂ 57 ಲಕ್ಷ. ಉಡಾನ್ ಹಾರಾಟಕ್ಕೆ ಲ್ಯಾಂಡಿಂಗ್, ಪಾರ್ಕಿಂಗ್ ಶುಲ್ಕವಿಲ್ಲ. ಈಗ ಅಗ್ನಿಶಾಮಕ ದಳ ಒಂದನ್ನೇ ತೆಗೆದುಕೊಳ್ಳಿ. ಪಾಳಿಗೆ 12 ಜನ, ಮೂರು ಪಾಳಿ, ರಜೆಗೆ ಬದಲಿ ಸೇರಿ 48 ಜನ, ತಿಂಗಳಿಗೆ ಸರಾಸರಿ 35,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 2 ಕೋಟಿ ದಾಟುತ್ತದೆ. ಸಂಬಳ ಮಾತ್ರ. ವಿಮಾನ ಒಂದು ಬರಲಿ, ಹತ್ತು ಬರಲಿ, ಈ ಖರ್ಚು ಹೆಚ್ಚೇನೂ ಬದಲಾಗುವುದಿಲ್ಲ.

ಅಗ್ನಿಶಾಮಕ ದರ್ಜೆ ನಿರ್ಧಾರವಾಗುವುದು ವಿಮಾನದ ಉದ್ದ ಮತ್ತು ಅದರ ಒಡಲಿನ ಅಗಲದಿಂದ. ಎಟಿಆರ್ 72ರ ಉದ್ದ 27 ಮೀಟರ್ ಚಿಲ್ಲರೆ, ಅದಕ್ಕೆ ದರ್ಜೆ 5: ಒಂದು ವಾಹನ, ಬೆಂಕಿ ನಂದಿಸಲು ಬಿ ಮಟ್ಟದ ನೊರೆ ಬಳಸುವುದಾದರೆ 5,400 ಲೀಟರ್ ನೀರು. ಏರ್‌ಬಸ್ 320 ಸುಮಾರು 37.5 ಮೀಟರ್, ಅದಕ್ಕೆ ದರ್ಜೆ 6: ಎರಡು ವಾಹನ, 7,900 ಲೀಟರ್. ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ತುದಿಗಾದರೂ ತಲುಪಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಅತಿ ದಟ್ಟಣೆಯ ಮೂರು ತಿಂಗಳಲ್ಲಿ ಆ ದೊಡ್ಡ ದರ್ಜೆಯ ವಿಮಾನಗಳ ಇಳಿಯುವಿಕೆ, ಏರುವಿಕೆ ಸೇರಿ 700ಕ್ಕಿಂತ ಕಡಿಮೆ ಇದ್ದರೆ ಒಂದು ದರ್ಜೆ ಕೆಳಗಿನ ವ್ಯವಸ್ಥೆ ಸಾಕು. ದಿನಕ್ಕೆ ಒಂದು ಏರ್‌ಬಸ್ ಬಂದರೆ ಮೂರು ತಿಂಗಳಿಗೆ 180 ಆಗುತ್ತದಷ್ಟೆ. ಹಾಗಾದರೆ ಒಂದೇ ವಾಹನ ಇಟ್ಟುಕೊಂಡರಾಯಿತು ಎಂದು ಲೆಕ್ಕಪತ್ರದವರು ಹೇಳುತ್ತಾರೆ. ಅದು ತಪ್ಪು. ಇರುವ ಒಂದೇ ವಾಹನದ ಪಂಪು ಕೆಟ್ಟ ದಿನ ನಿಲ್ದಾಣದ ದರ್ಜೆ ಸೊನ್ನೆಗೆ ಇಳಿಯುತ್ತದೆ, ವಿಮಾನ ರದ್ದಾಗುತ್ತದೆ, ಬಿಡಿಭಾಗ ಬರಲು ವಾರಗಟ್ಟಲೆ ಹಿಡಿಯಬಹುದು. ಸಿಬ್ಬಂದಿಯಲ್ಲಿ ವಿನಾಯಿತಿ ಬಳಸಿ, ವಾಹನದಲ್ಲಿ ಬೇಡ. ಎರಡನೆಯದು ಚಾಲೂ ಸ್ಥಿತಿಯಲ್ಲಿ ಶೆಡ್‌ನಲ್ಲಿರಲಿ.

ದೀಪಗಳ ಕಥೆ ಬೇರೆ. 3,000 ಮೀಟರ್ ರನ್‌ವೇಗೆ 60 ಮೀಟರ್‌ಗೊಂದರಂತೆ ಎರಡೂ ಅಂಚಿನಲ್ಲಿ ಸೇರಿ ನೂರಕ್ಕೂ ಹೆಚ್ಚು ದೀಪ. ಇವು ಬೀದಿದೀಪದಂತಲ್ಲ. 6.6 ಆಂಪಿಯರ್‌ನ ಸರಣಿ ಮಂಡಲದಲ್ಲಿ, ಪ್ರತಿ ದೀಪಕ್ಕೂ ನೆಲದಡಿ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಉರಿಸುವಂಥವು. ಮಲೆನಾಡಿನ ಮಳೆಗೆ ಆ ಗುಂಡಿಗಳಲ್ಲಿ ನೀರು ನಿಂತು ಕೇಬಲ್ ಜೋಡಣೆಗಳ ನಿರೋಧಕತೆ ಕುಸಿಯುತ್ತದೆ. ತಿಂಗಳಿಗೊಮ್ಮೆ ಮೆಗ್ಗರ್ (ನಿರೋಧಕತೆ ಅಳೆಯುವ ಉಪಕರಣ) ಹಿಡಿದು ಅಳೆದು ಬರೆದಿಟ್ಟರೆ ಯಾವ ಭಾಗ ಸೋಲುತ್ತಿದೆ ಎಂದು ಮೊದಲೇ ತಿಳಿಯುತ್ತದೆ. ಅಳೆಯದಿದ್ದರೆ ಜುಲೈನ ಒಂದು ಸಂಜೆ ಅರ್ಧ ರನ್‌ವೇ ಕತ್ತಲಾಗುತ್ತದೆ. ಕರೆಂಟು ಹೋದರೆ 15 ಸೆಕೆಂಡಿನೊಳಗೆ ಜನರೇಟರ್ ಹಿಡಿದುಕೊಳ್ಳಬೇಕು. ಅದಕ್ಕೆ ಜನರೇಟರ್ ಇದ್ದರೆ ಸಾಲದು, ಅದರ ಬ್ಯಾಟರಿ ಸತ್ತಿರಬಾರದು. 'ನೈಟ್ ಲ್ಯಾಂಡಿಂಗ್ ಮಂಜೂರಾಗಿದೆ' ಎಂಬ ಸುದ್ದಿಯ ಹಿಂದೆ ಇಷ್ಟು ನಿರ್ವಹಣೆ ಇದೆ.

ಮಂಜಿನ ಸಮಸ್ಯೆಗೂ ಇಂಥದೇ ಒಂದು ಮಾತು. ಪೈಲಟ್ ಕಣ್ಣಳತೆಯಲ್ಲೇ ಇಳಿಯಬೇಕಾದ ನಿಲ್ದಾಣದಲ್ಲಿ 5 ಕಿಲೋಮೀಟರ್ ದೂರ ಕಾಣಿಸಬೇಕು. ಐಎಲ್‌ಎಸ್ (ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಇದ್ದರೆ 550 ಮೀಟರ್ ಸಾಕು. ಹಾಗೆಂದು ಎಲ್ಲ ಕಡೆಯೂ ಕೋಟಿಗಟ್ಟಲೆ ಸುರಿದು ಐಎಲ್‌ಎಸ್ ಕೂರಿಸಬೇಕಿಲ್ಲ. ನಮ್ಮದೇ ಗಗನ್ ಉಪಗ್ರಹ ವ್ಯವಸ್ಥೆ ಬಳಸಿ 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ಒಂದು ಇಳಿದು ತೋರಿಸಿದೆ. ಇದಕ್ಕೆ ನಿಲ್ದಾಣದಲ್ಲಿ ಐಎಲ್‌ಎಸ್‌ನಂಥ ಆಂಟೆನಾ ಸಾಲು ಬೇಡ. ಬೇಕಾದದ್ದು ಸುತ್ತಲಿನ ಅಡೆತಡೆಗಳ ನಿಖರ ಸರ್ವೆ, ವಿಮಾನ ನಿಲ್ದಾಣ ಪ್ರಾಧಿಕಾರದಿಂದ ಇಳಿಯುವ ಮಾರ್ಗದ ವಿನ್ಯಾಸ, ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ, ಜೊತೆಗೆ ವಿಮಾನದಲ್ಲಿ ಅದಕ್ಕೆ ತಕ್ಕ ಉಪಕರಣ. ನೆರವಿನ ಟೆಂಡರ್‌ನಲ್ಲಿ ಆ ಉಪಕರಣವಿರುವ ವಿಮಾನಕ್ಕೆ ಆದ್ಯತೆ ಕೊಟ್ಟರೆ ಸರ್ಕಾರಕ್ಕೆ ಬೀಳುವ ಖರ್ಚು ತೀರಾ ಕಡಿಮೆ.

ಸರ್ವೆ ಎಂದಾಗ ಅಡಿಕೆ ಮರ ನೆನಪಾಗುತ್ತದೆ. ರನ್‌ವೇ ತುದಿಯಿಂದ 60 ಮೀಟರ್ ಆಚೆ ಶುರುವಾಗುವ ಇಳಿಹಾದಿಯ ಕಾಲ್ಪನಿಕ ಮೇಲ್ಮೈ ಶೇ 2ರ ಏರಿನಲ್ಲಿ ಮೇಲೇರುತ್ತದೆ. ಅಲ್ಲಿಂದ 600 ಮೀಟರ್ ದೂರದಲ್ಲಿ ನೆಲ ಸಮತಟ್ಟಾಗಿದ್ದರೆ ಅನುಮತಿ 12 ಮೀಟರ್ ಎತ್ತರದವರೆಗೆ ಮಾತ್ರ. ಬೆಳೆದು ನಿಂತ ಅಡಿಕೆ ಅದನ್ನು ಸುಲಭವಾಗಿ ಮೀರುತ್ತದೆ. ಸರ್ವೆಯ ವರ್ಷ ಸಸಿಯಾಗಿದ್ದದ್ದು ಪರವಾನಗಿ ನವೀಕರಣದ ಹೊತ್ತಿಗೆ ಅಡೆತಡೆಯಾಗಿರುತ್ತದೆ. ರೈತನದು ತಪ್ಪಿಲ್ಲ. ಅವನಿಗೆ ವರ್ಷವರ್ಷ ಪರಿಹಾರ ಕೊಡುವ ಒಪ್ಪಂದ ಮಾಡಿಕೊಳ್ಳಿ, ಇಲ್ಲವೇ ಆ ಪಟ್ಟಿಯಲ್ಲಿ ಎತ್ತರ ಬೆಳೆಯದ ಬೆಳೆ ಎಂದು ಮೊದಲೇ ಮಾತಾಡಿ. ನೋಟಿಸು ಕೊಟ್ಟು ಕಡಿಸಲು ಹೋದರೆ ಕೋರ್ಟು, ತಡೆಯಾಜ್ಞೆ, ಅಷ್ಟರಲ್ಲಿ ಪರವಾನಗಿಯ ಅವಧಿ ಮುಗಿಯುತ್ತದೆ.

ಭದ್ರತೆಗೆ ಪೊಲೀಸರನ್ನು ರಾಜ್ಯವೇ ಕೊಡುತ್ತದೆ, ಸರಿ. ಆದರೆ ತಪಾಸಣೆಗೆ ನಿಲ್ಲುವವರಿಗೆ ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆ ಬಿಸಿಎಎಸ್‌ನ ತರಬೇತಿ ಮತ್ತು ಪ್ರಮಾಣಪತ್ರ ಬೇಕು. ತರಬೇತಿ ಪಡೆದವರನ್ನು ಆರು ತಿಂಗಳಿಗೆ ಠಾಣೆಗೆ ವರ್ಗ ಮಾಡಿದರೆ ಎಕ್ಸ್-ರೇ ಯಂತ್ರದ ಮುಂದೆ ಕೂರಲು ಜನರಿಲ್ಲ. ಕನಿಷ್ಠ ಮೂರು ವರ್ಷ ಕದಲಿಸಬೇಡಿ.

ಇಂಧನದ ಶೇ 1 ವ್ಯಾಟ್ ಕೂಡ ಹಲವೆಡೆ ಕಾಗದದ ಮೇಲಿನ ರಿಯಾಯಿತಿ. ನಿಲ್ದಾಣದಲ್ಲಿ ಇಂಧನ ತುಂಬುವ ವ್ಯವಸ್ಥೆಯೇ ಇಲ್ಲದಿದ್ದರೆ ವಿಮಾನ ಹೋಗಿ ಬರುವಷ್ಟನ್ನೂ ಮಹಾನಗರದಲ್ಲೇ, ಅಲ್ಲಿನ ತೆರಿಗೆ ಕಟ್ಟಿ ತುಂಬಿಕೊಂಡು ಬರಬೇಕು. ಎಟಿಆರ್‌ನಂಥ ವಿಮಾನಕ್ಕೆ ಆ ಹೆಚ್ಚುವರಿ ತೂಕವೇ ಕೆಲವೊಮ್ಮೆ ನಾಲ್ಕಾರು ಪ್ರಯಾಣಿಕರನ್ನು ಕೆಳಗಿಳಿಸುತ್ತದೆ. ಒಂದು ಟ್ಯಾಂಕರ್ ಮತ್ತು ಅದರ ಸಿಬ್ಬಂದಿಯ ಖರ್ಚನ್ನು ತೈಲ ಕಂಪನಿಯೊಂದಿಗೆ ಹಂಚಿಕೊಳ್ಳುವುದು ಸೀಟಿಗೆ ನೆರವು ಹೆಚ್ಚಿಸುವುದಕ್ಕಿಂತ ಲಾಭ.

ಎಲ್ಲಕ್ಕಿಂತ ದೊಡ್ಡ ಖರ್ಚು ಸದ್ದಿಲ್ಲದೆ ಕಾದು ಕುಳಿತಿರುತ್ತದೆ. ಶಿವಮೊಗ್ಗದ 3,200 ಮೀಟರ್ ಉದ್ದ, 45 ಮೀಟರ್ ಅಗಲದ ರನ್‌ವೇಯ ವಿಸ್ತೀರ್ಣ 1,44,000 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಡಾಂಬರು ಪದರ ಹಾಕಲು 7,200 ಘನ ಮೀಟರ್, ಅಂದರೆ ಸುಮಾರು 17,000 ಟನ್ ಮಿಶ್ರಣ ಬೇಕು. ವಿಮಾನ ಕಡಿಮೆ ಬಂದರೆ ರನ್‌ವೇ ಸವೆಯದು ಎಂಬುದು ಅರ್ಧ ಸತ್ಯ. ಬಿಸಿಲಿಗೆ ಡಾಂಬರಿನ ಮೇಲ್ಪದರ ಒಣಗಿ ಕಲ್ಲು ಕಿತ್ತು ಬರುತ್ತದೆ, ಆ ಸಣ್ಣ ಕಲ್ಲೇ ಎಂಜಿನ್‌ಗೆ ಅಪಾಯ. ಮೊದಲ ವರ್ಷದಿಂದಲೇ ಹನ್ನೆರಡರಲ್ಲಿ ಒಂದು ಪಾಲನ್ನು ಮೀಸಲು ನಿಧಿಗೆ ಹಾಕದಿದ್ದರೆ ಆ ವರ್ಷ ಬಂದಾಗ ಬಜೆಟ್‌ನಲ್ಲಿ ಜಾಗ ಇರುವುದಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರದ ಕೈಲಿರುವ ಕಲಬುರಗಿ, ಹುಬ್ಬಳ್ಳಿ, ಬೆಳಗಾವಿ, ಮೈಸೂರಿನ ನಷ್ಟವನ್ನು ದೇಶದ ಬೇರೆ ನಿಲ್ದಾಣಗಳ ಆದಾಯ ಹೊರುತ್ತದೆ. ಕೆಎಸ್‌ಐಐಡಿಸಿ (ರಾಜ್ಯದ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ) ನಡೆಸುವ ಶಿವಮೊಗ್ಗಕ್ಕೆ, ನಾಳೆ ರಾಜ್ಯವೇ ನಡೆಸಲಿರುವ ಇತರ ನಿಲ್ದಾಣಗಳಿಗೆ ಆ ಆಸರೆ ಇಲ್ಲ. ಹೊಣೆ ನಿಮ್ಮದೇ.

ಹೊಸ ನಿಲ್ದಾಣಗಳ ಬಗ್ಗೆ ಚಿಕ್ಕದೊಂದು ಮಾತು. ಯಾವ ವಿಮಾನ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಗುದ್ದಲಿ ಪೂಜೆ. ವಿಜಯಪುರ ಎಟಿಆರ್‌ಗೆಂದು ಶುರುವಾಗಿ ನಡುದಾರಿಯಲ್ಲಿ ಏರ್‌ಬಸ್ 320ಕ್ಕೆ ಬದಲಾಯಿತು. ರನ್‌ವೇ ಉದ್ದವಷ್ಟೇ ಅಲ್ಲ, ವಿಮಾನ ಬದಲಾದರೆ ಅಗ್ನಿಶಾಮಕ ದರ್ಜೆ, ಏಪ್ರನ್ (ವಿಮಾನ ನಿಲ್ಲುವ ಅಂಗಳ), ಟರ್ಮಿನಲ್, ಪರಿಸರ ಅನುಮತಿ ಎಲ್ಲವೂ ಬದಲಾಗುತ್ತವೆ. ಮೈಸೂರಿನದು ತಿರುಗುಮುರುಗು ಸಮಸ್ಯೆ: 1,740 ಮೀಟರ್ ರನ್‌ವೇ, ವಿಸ್ತರಿಸಲು ಹೋದರೆ ನಂಜನಗೂಡು ಹೆದ್ದಾರಿ ಅಡ್ಡ. ಅಲ್ಲಿನ ವಿಸ್ತರಣೆಗೆ ಹಾಕುವ ಹಣ ಹೊಸ ಜಿಲ್ಲೆಯೊಂದರ ಹೊಸ ನಿಲ್ದಾಣಕ್ಕಿಂತ ಹೆಚ್ಚು ಜನರಿಗೆ ಉಪಯೋಗವಾಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ಬಲ್ಲೆವು.

ಹಾಗಾದರೆ ಮುಂದಿನ ಬಜೆಟ್‌ನಲ್ಲಿ ಏನು ಬರೆಯಬೇಕು? ರಾಜ್ಯ ನಡೆಸುವ ಪ್ರತಿ ನಿಲ್ದಾಣಕ್ಕೂ ಐದು ವರ್ಷದ ಕಾರ್ಯಾಚರಣೆ ಅನುದಾನವನ್ನು ಒಮ್ಮೆಗೇ ಘೋಷಿಸಿ, ಕಂತನ್ನು ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿ. ರನ್‌ವೇ ಮೀಸಲನ್ನು ಬೇರೆ ಖಾತೆಯಲ್ಲಿಡಿ, ಅದನ್ನು ಟರ್ಮಿನಲ್ ಅಲಂಕಾರಕ್ಕೆ ಮುಟ್ಟದಂತೆ ಆದೇಶದಲ್ಲೇ ಬರೆಯಿರಿ. ಉಡಾನ್ ಮುಗಿದ ಮಾರ್ಗಗಳಿಗೆ ಮೇಲೆ ಹೇಳಿದ ಇಳಿಮುಖ ನೆರವು, ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮುಂಚೆಯೇ ಟೆಂಡರ್. ಹಾರಾಟಕ್ಕೆ ಬೇಕಾದ ಮೂರು ತಿಂಗಳ ಹಣ ಎಸ್ಕ್ರೋ ಖಾತೆಯಲ್ಲಿ (ಬೇರೆ ಕೆಲಸಕ್ಕೆ ತೆಗೆಯಲಾಗದಂತೆ ಮೂರನೆಯವರ ಬಳಿ ಇಡುವ ಖಾತೆ) ಮೊದಲೇ ಇರಲಿ. ಸಣ್ಣ ಕಂಪನಿಗಳು ವಿಮಾನವನ್ನು ಬಾಡಿಗೆಗೆ ತಂದಿರುತ್ತವೆ. ಬಾಡಿಗೆ ಪ್ರತಿ ತಿಂಗಳೂ ಕಟ್ಟಬೇಕು, ಸರ್ಕಾರದ ಬಿಲ್ಲು ಆರು ತಿಂಗಳಿಗೆ ಪಾಸಾದರೆ ಅವು ಉಳಿಯುವುದಿಲ್ಲ. ಎರಡು ವರ್ಷ ಸತತವಾಗಿ ಅರ್ಧದಷ್ಟೂ ತುಂಬದ ಮಾರ್ಗದ ನೆರವನ್ನು ಮುಲಾಜಿಲ್ಲದೆ ನಿಲ್ಲಿಸಿ, ಅದೇ ಹಣವನ್ನು ಅದೇ ನಿಲ್ದಾಣದ ಇನ್ನೊಂದು ಮಾರ್ಗಕ್ಕೆ ಕೊಡಿ.

2025ರ ಕೇಂದ್ರ ಬಜೆಟ್‌ನಲ್ಲಿ ಪರಿಷ್ಕೃತ ಉಡಾನ್ ಪ್ರಕಟವಾಗಿದೆ: ಹತ್ತು ವರ್ಷದಲ್ಲಿ 120 ಹೊಸ ಊರು, 4 ಕೋಟಿ ಪ್ರಯಾಣಿಕರು. ಊರುಗಳ ಪಟ್ಟಿ ಹಿಡಿದು ದೆಹಲಿಗೆ ಹೋಗುವಾಗ ನೆರವಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಬೇಕು, ಸಣ್ಣ ನಿಲ್ದಾಣಗಳ ಕಾರ್ಯಾಚರಣೆ ಖರ್ಚಿನಲ್ಲೂ ಕೇಂದ್ರ ಪಾಲು ಕೊಡಬೇಕು ಎಂಬ ಎರಡು ಬೇಡಿಕೆಗಳನ್ನೂ ಒಯ್ಯಿರಿ. ಯುರೋಪಿನ ಒಕ್ಕೂಟ ಸಣ್ಣ ನಿಲ್ದಾಣಗಳಿಗೆ ಕಾರ್ಯಾಚರಣೆ ನೆರವು ಕೊಡಲು 2014ರ ತನ್ನ ಮಾರ್ಗಸೂಚಿಯಲ್ಲೇ ಅವಕಾಶ ಮಾಡಿಕೊಂಡಿದೆ. ಇದು ಹೊಸ ಕಲ್ಪನೆಯೇನಲ್ಲ.

ಕೊನೆಯದಾಗಿ, ಖರ್ಚಿಲ್ಲದ ಒಂದು ಬೇಡಿಕೆ. ಪ್ರತಿ ನಿಲ್ದಾಣದ ತಿಂಗಳ ಲೆಕ್ಕವನ್ನು, ಅಂದರೆ ನಿಗದಿಯಾದ ಹಾರಾಟ, ಹಾರಿದ್ದು, ರದ್ದಾದದ್ದು ಮತ್ತು ಅದರ ಕಾರಣ, ಪ್ರಯಾಣಿಕರ ಸಂಖ್ಯೆ, ಪಾವತಿಯಾದ ಮತ್ತು ಬಾಕಿ ಇರುವ ವಿಜಿಎಫ್, ಕಾರ್ಯಾಚರಣೆಯ ಆದಾಯ-ವೆಚ್ಚ, ಇಷ್ಟನ್ನು ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿ ಹಾಕಿ. ಈ ಅಂಕಿಗಳು ಈಗಲೂ ನಿಲ್ದಾಣದ ದಾಖಲೆಗಳಲ್ಲಿ ಇವೆ. ಮೊದಲ ಪಟ್ಟಿಯನ್ನು ಬಜೆಟ್ ಪೂರ್ವಭಾವಿ ಸಭೆಗಳು ಶುರುವಾಗುವ ಮೊದಲೇ ನಿರೀಕ್ಷಿಸುತ್ತೇವೆ.

ಇಂತಿ,
ವಿಮಾನ ನಿಲ್ದಾಣಗಳ ಎಂಜಿನಿಯರಿಂಗ್, ಕಾರ್ಯಾಚರಣೆ ಮತ್ತು ಲೆಕ್ಕಪತ್ರ ಬಲ್ಲ ಕೆಲವು ನಾಗರಿಕರು